ಹೋಲಿಕೆ ಮುರಿಯುವ ಜಾಗ: ಆಟ, ಸಿನಿಮಾಗಳಿಂದ ಸಭೆಯ ಪಾಠ ಕಟ್ಟಿದ ನನ್ನ ಅನುಭವ

ಆಟವನ್ನೋ ಸಿನಿಮಾವನ್ನೋ ಮುಂದಿಟ್ಟುಕೊಂಡು ವೇದಪಾಠ, ಅಂದರೆ ಬೈಬಲ್ ಪಾಠ, ಮಾಡುವುದು ಹೊಸ ಪ್ರಯತ್ನವೇನಲ್ಲ. ಕ್ರೈಸ್ತ ಸಭೆಯ ಯುವಜನ ಕೂಟದ ಸೇವೆಯಲ್ಲಿರುವ ಹೆಚ್ಚಿನವರು ಇದನ್ನು ಒಮ್ಮೆಯಾದರೂ ಮಾಡಿ ನೋಡಿರುತ್ತಾರೆ, ಫಲ ಕಾಣದೆ ಕೈಬಿಟ್ಟೂ ಇರುತ್ತಾರೆ. ನಾನು ಕೈಬಿಡಲಿಲ್ಲ. ಹೆಚ್ಚುಕಡಿಮೆ ಹನ್ನೆರಡು ವರ್ಷಗಳ ಈ ಕೆಲಸದಲ್ಲಿ ಮೊದಲ ಏಳೆಂಟು ವರ್ಷ ಹಣ ಖರ್ಚಾಯಿತು, ಜನ ಬಂದರು, ಹೋದರು, ಬೈಬಲಿನ ವಾಕ್ಯ ಮಾತ್ರ ಯಾರಲ್ಲೂ ಉಳಿಯಲಿಲ್ಲ. ಕಳೆದ ನಾಲ್ಕೈದು ವರ್ಷಗಳಿಂದ ಉಳಿಯುತ್ತಿದೆ. ಹೇಗೆ ಉಳಿಯಿತು ಎಂಬುದನ್ನು ಇದೇ ಸೇವೆಯಲ್ಲಿರುವವರಿಗಾಗಿ ಬರೆಯುತ್ತಿದ್ದೇನೆ. ಪಾಠದ ಸಿದ್ಧತೆ, ಗುಂಪು ಚರ್ಚೆ, ಪ್ರಾರ್ಥನೆಯ ಕ್ರಮ ಇವೆಲ್ಲ ನಿಮಗೆ ತಿಳಿದಿರುವುದರಿಂದ ಅವುಗಳ ಗೋಜಿಗೆ ಹೋಗುವುದಿಲ್ಲ.

ವಿರೋಧ ಮೊದಲಿನಿಂದಲೂ ಇತ್ತು. ಬೋಧನಾಪೀಠವನ್ನು ಮೈದಾನ ಮಾಡಬೇಡಿ ಎಂದು ಹಿರಿಯರೊಬ್ಬರು ಸಭಾ ಸಮಿತಿಯಲ್ಲಿ ನೇರವಾಗಿಯೇ ಹೇಳಿದರು. ಅವರಿಗೆ ನಾನು ಶಾಸ್ತ್ರದಿಂದಲೇ ಉತ್ತರ ಕೊಟ್ಟೆ. ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ಪ್ರಾಚೀನ ಗ್ರೀಸಿನ ಕೊರಿಂಥದ ಸಮೀಪದಲ್ಲೇ ನಡೆಯುತ್ತಿದ್ದವು. ಆ ಊರಿನ ಸಭೆಗೆ ಬರೆದ ಮೊದಲ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಓಟದ ಮಾತನ್ನೂ ಮುಷ್ಟಿಯುದ್ಧದ ಮಾತನ್ನೂ ಎತ್ತಿದ್ದು ಕೇಳುವವರ ಕಣ್ಣ ಮುಂದೆಯೇ ಅವೆರಡೂ ಇದ್ದುದರಿಂದ. ಅಥೇನೆಯ ಅರಿಯೊಪಾಗ ಎಂಬ ನ್ಯಾಯಸಭೆಯ ಮುಂದೆ ಅವನು ಎತ್ತಿ ಹೇಳಿದ್ದು ಗ್ರೀಕ್ ಕವಿಯ ಸಾಲನ್ನು. ಕರ್ತನಾದ ಯೇಸುವೂ ತನ್ನ ಕಾಲದ ಜನರ ಹಟಮಾರಿತನವನ್ನು ತೋರಿಸಲು ಪೇಟೆಯಲ್ಲಿ ಕುಳಿತು ಆಡುವ ಮಕ್ಕಳ ಆಟವನ್ನೇ ಎತ್ತಿಕೊಂಡನು. ನಾವು ಕೊಳಲೂದಿದರೂ ನೀವು ಕುಣಿಯಲಿಲ್ಲ ಎಂಬುದು ಮಕ್ಕಳು ಆಟದಲ್ಲಿ ಆಡುವ ದೂರು. ಇನ್ನು ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ, ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ತರಬೇತಿ ಶಾಲೆಯಲ್ಲಿ. ಅದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ ದೇವಶಾಸ್ತ್ರ ಓದಿದವರು. ಈ ಉತ್ತರದಿಂದ ಸಮಿತಿ ಅನುಮತಿಯನ್ನೇನೋ ಕೊಟ್ಟಿತು, ಆದರೆ ಸಂಶಯ ಹೋಗಲಿಲ್ಲ. ಅದು ಸಹಜವೂ ಆಗಿತ್ತು, ಏಕೆಂದರೆ ಆಗಿನ್ನೂ ತೋರಿಸಲು ನನ್ನ ಕೈಯಲ್ಲಿ ಫಲವಿರಲಿಲ್ಲ.

ಮೊದಲು ನಡೆದದ್ದು ಸಿನಿಮಾ ಸಂಜೆಗಳು. ಪ್ರೊಜೆಕ್ಟರ್, ಪರದೆ, ಧ್ವನಿವರ್ಧಕಗಳ ಬಾಡಿಗೆ, ಉಪಾಹಾರ, ಇವುಗಳ ಮೇಲೆ ಸಾರ್ವಜನಿಕ ಪ್ರದರ್ಶನದ ಅನುಮತಿಗೆ ಶುಲ್ಕ. ಮನೆಯಲ್ಲಿ ನೋಡಲು ಕಟ್ಟುವ ಚಂದಾ ಸಭಾಂಗಣದಲ್ಲಿ ತೋರಿಸಲು ಸಾಲುವುದಿಲ್ಲ ಎಂಬುದನ್ನು ಅನೇಕ ಸಭೆಗಳು ಗಮನಿಸುವುದೇ ಇಲ್ಲ. ನಾವು ಗಮನಿಸಿದೆವು, ಹಣ ಕಟ್ಟಿದೆವು. ಯುವಜನ ನಿಧಿಯ ವರ್ಷದ ಪಾಲಿನಲ್ಲಿ ಮೂರನೆಯ ಒಂದು ಭಾಗದಷ್ಟು ಒಂದೇ ಸಂಜೆಗೆ ಹೋಯಿತು. ಅರವತ್ತು ಎಪ್ಪತ್ತು ಮಂದಿ ಬಂದರು, ಸಭಾಂಗಣ ತುಂಬಿತು, ಎಲ್ಲರೂ ಸಂತೋಷಪಟ್ಟರು. ಮುಂದಿನ ವಾರ ಬಂದವರು ಹದಿನೈದರ ಆಸುಪಾಸು. ಆ ಸಂಜೆ ಓದಿದ ವಾಕ್ಯ ಯಾವುದು ಎಂದು ಕೇಳಿದಾಗ ಒಬ್ಬಿಬ್ಬರು ಹೇಳಿದರು. ಕೊನೆಯ ಹೊಡೆದಾಟದ ದೃಶ್ಯವನ್ನು ಮಾತ್ರ ಎಲ್ಲರೂ ಬಣ್ಣಿಸಿದರು. ಎರಡು ಗಂಟೆ ಚಿತ್ರ ನೋಡಿದ ಮೇಲೆ ಹತ್ತು ನಿಮಿಷದ ಮಾತು ಎಷ್ಟೇ ಚೆನ್ನಾಗಿದ್ದರೂ ಕಿವಿಗೆ ಇಳಿಯುವುದಿಲ್ಲ.

ಅನಂತರ ಅತಿಮಾನುಷ ನಾಯಕರ ಸರಣಿ. ನಾಯಕ ಇತರರಿಗಾಗಿ ಪ್ರಾಣ ಕೊಡುತ್ತಾನೆ, ಮತ್ತೆ ಬದುಕಿ ಬರುತ್ತಾನೆ, ಆದ್ದರಿಂದ ಅವನು ಕ್ರಿಸ್ತನ ಛಾಯೆ ಎಂಬ ಪಾಠಕ್ರಮ ಆಗ ಎಲ್ಲೆಡೆ ಚಾಲ್ತಿಯಲ್ಲಿತ್ತು. ಇದರ ದೋಷವನ್ನು ಎರಡನೆಯ ಪಾಠದಲ್ಲೇ ಒಬ್ಬ ಹುಡುಗ ಹೊರಗೆ ಹಾಕಿದ: ಹಾಗಾದರೆ ಇಬ್ಬರಲ್ಲಿ ಯಾರಿಗೆ ಶಕ್ತಿ ಹೆಚ್ಚು ಎಂದು ಕೇಳಿದ. ಪ್ರಶ್ನೆ ಮುಗ್ಧವಾಗಿತ್ತು, ಆದರೆ ಪಾಠವೇ ಅವನನ್ನು ಅಲ್ಲಿಗೆ ಕರೆದೊಯ್ದಿತ್ತು. ಪರದೆಯ ನಾಯಕ ಬಲದಿಂದ ಗೆಲ್ಲುತ್ತಾನೆ, ಶಿಲುಬೆಯ ಮೇಲಿನ ಗೆಲುವು ಬಲಹೀನತೆಯಲ್ಲಿ ಆದದ್ದು. ಇವೆರಡನ್ನೂ ಒಂದೇ ಎನ್ನುವ ಪಾಠವು ಕ್ರಿಸ್ತನನ್ನು ಅನೇಕ ವೀರರಲ್ಲಿ ಒಬ್ಬನನ್ನಾಗಿ ಮಾಡುತ್ತದೆ.

ಕ್ರೀಡಾಪಟುಗಳನ್ನು ಕರೆಸಿ ಸಾಕ್ಷಿ ಹೇಳಿಸುವುದು ಎಲ್ಲಕ್ಕಿಂತ ದುಬಾರಿಯಾಯಿತು. ಪ್ರಯಾಣ, ವಸತಿ, ಗೌರವಧನ ಸೇರಿ ಆ ವರ್ಷದ ನಿಧಿಯ ಅರ್ಧಕ್ಕೂ ಹೆಚ್ಚು ಒಬ್ಬ ಅತಿಥಿಗೆ ಖರ್ಚಾಯಿತು. ಅವರು ಪ್ರಾಮಾಣಿಕವಾಗಿ ಮಾತನಾಡಿದರು, ಅದರಲ್ಲಿ ಕೊರತೆಯಿಲ್ಲ. ಆದರೆ ಗೆದ್ದವರು ಬಂದು ದೇವರು ಗೆಲ್ಲಿಸಿದನು ಎಂದಾಗ, ಅದೇ ದಿನ ಅದೇ ದೇವರಿಗೆ ಪ್ರಾರ್ಥಿಸಿ ಸೋತವರ ವಿಷಯವೇನು ಎಂಬ ಪ್ರಶ್ನೆ ಕೇಳುಗರಲ್ಲಿ ಉಳಿದೇ ಉಳಿಯುತ್ತದೆ. ಕ್ರೀಡಾಪಟುಗಳು ಹೆಚ್ಚಾಗಿ ಬಳಸುವ ವಾಕ್ಯ ಫಿಲಿಪ್ಪಿಯವರಿಗೆ 4:13, ನನ್ನನ್ನು ಬಲಪಡಿಸುವಾತನಲ್ಲಿದ್ದು ಎಲ್ಲವನ್ನೂ ಮಾಡಬಲ್ಲೆ ಎಂಬ ಮಾತು. ಅದರ ಹಿಂದಿನ ಎರಡು ವಚನಗಳನ್ನು ಓದಿದರೆ ಪೌಲನು ಸೆರೆಯಲ್ಲಿ ಕುಳಿತು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಎನ್ನುತ್ತಿದ್ದಾನೆ. ಅದು ಪದಕ ಗೆದ್ದವನಿಗಿಂತ ಅರ್ಹತಾ ಸುತ್ತಿನಲ್ಲೇ ಹೊರಬಿದ್ದವನಿಗೆ ಹೆಚ್ಚು ಬೇಕಾದ ಮಾತು, ಆದರೆ ಹೊರಬಿದ್ದವನನ್ನು ಯಾವ ಸಭೆಯೂ ಸಾಕ್ಷಿಗೆ ಕರೆಯುವುದಿಲ್ಲ.

ನೇರ ಪ್ರಸಾರದ ಪಂದ್ಯವನ್ನು ಸಭಾಂಗಣದಲ್ಲಿ ಒಟ್ಟಿಗೆ ನೋಡಿ ಆಮೇಲೆ ಚರ್ಚಿಸುವ ಕ್ರಮವನ್ನೂ ಮಾಡಿ ನೋಡಿದ್ದಾಯಿತು. ಅರ್ಧ ಗಂಟೆಯೊಳಗೆ ಕೂಟ ಎರಡು ಪಕ್ಷವಾಯಿತು, ಸೋತ ಪಕ್ಷದವರು ವಾಕ್ಯ ಓದುವ ಮೊದಲೇ ಎದ್ದರು. ಅದರ ಬಗ್ಗೆ ಇಷ್ಟು ಸಾಕು.

ದಾರಿ ಸಿಕ್ಕಿದ್ದು ಪೌಲನನ್ನು ಮತ್ತೆ ನಿಧಾನವಾಗಿ ಓದಿದಾಗ. ಅವನು ಓಟದ ಹೋಲಿಕೆಯನ್ನು ಕೊನೆಯವರೆಗೆ ಒಯ್ಯುವುದಿಲ್ಲ. ಅವರು ಬಾಡಿಹೋಗುವ ಕಿರೀಟಕ್ಕಾಗಿ ಓಡುತ್ತಾರೆ, ನಾವಾದರೋ ಬಾಡದ ಕಿರೀಟಕ್ಕಾಗಿ ಎನ್ನುತ್ತಾನೆ. ಇಸ್ತ್ಮಿಯನ್ ಕ್ರೀಡೆಗಳಲ್ಲಿ ಗೆದ್ದವನ ತಲೆಗೆ ಇಡುತ್ತಿದ್ದುದು ಪೈನ್ ಎಲೆಗಳ ಅಥವಾ ಒಣಗಿದ ಸೆಲರಿ ಸೊಪ್ಪಿನ ಕಿರೀಟ. ಒಣಗಿದ ಸೊಪ್ಪಿನದಾದರೆ ತಲೆಗೆ ಏರುವ ಹೊತ್ತಿಗೇ ಬಾಡಿರುತ್ತದೆ, ಕೊರಿಂಥದವರಿಗೆ ಇದನ್ನು ವಿವರಿಸುವ ಅಗತ್ಯವೇ ಇರಲಿಲ್ಲ. ಓಟದಲ್ಲಿ ಬಹುಮಾನ ಒಬ್ಬನಿಗೇ ಎಂದು ಅಲ್ಲಿ ಹೇಳಿದವನು 2 ತಿಮೊಥೆಯ 4:8ರಲ್ಲಿ ಕಿರೀಟ ನನಗೊಬ್ಬನಿಗೇ ಅಲ್ಲ, ಆತನ ಪ್ರತ್ಯಕ್ಷತೆಯನ್ನು ಪ್ರೀತಿಸಿದವರೆಲ್ಲರಿಗೂ ಎನ್ನುತ್ತಾನೆ. ಅಂದರೆ ಹೋಲಿಕೆಯನ್ನು ಕಟ್ಟಿದವನೇ ಅದನ್ನು ಮುರಿಯುತ್ತಾನೆ, ಮುರಿದ ಜಾಗದಲ್ಲಿ ಸುವಾರ್ತೆಯನ್ನು ಇಡುತ್ತಾನೆ. ನಾವೆಲ್ಲರೂ ಅಲ್ಲಿಯವರೆಗೆ ಮಾಡುತ್ತಿದ್ದುದು ತದ್ವಿರುದ್ಧ: ಹೋಲಿಕೆ ಎಲ್ಲಿಯೂ ಮುರಿಯದಂತೆ ಕಾಪಾಡುವುದು, ಮುರಿದರೆ ಮುಚ್ಚುವುದು. ಅಂದಿನಿಂದ ನಾನು ಮುರಿಯುವ ಜಾಗವನ್ನೇ ಹುಡುಕತೊಡಗಿದೆ. ಅದು ಸಿಗದ ಆಟವನ್ನು ಕೂಟಕ್ಕೆ ಒಯ್ಯುವುದಿಲ್ಲ.

ಮೊದಲು ಕೈಗೂಡಿದ ಪಾಠ ಕಬಡ್ಡಿಯದು. ಔಟಾಗಿ ಅಂಕಣದ ಹೊರಗೆ ಕುಳಿತ ಆಟಗಾರ ಒಳಗೆ ಬರಲು ತಾನಾಗಿ ಏನನ್ನೂ ಮಾಡಲಾರ. ಅವನು ಎಷ್ಟೇ ಬಲಶಾಲಿಯಾಗಿದ್ದರೂ ತಂಡದವರು ಎದುರಾಳಿಯನ್ನು ಔಟ್ ಮಾಡಿದಾಗ ಅವನಿಗೆ ಮತ್ತೆ ಪ್ರವೇಶ. ಎಫೆಸದವರಿಗೆ 2ನೇ ಅಧ್ಯಾಯದ ಸತ್ತವರಾಗಿದ್ದ ನಿಮ್ಮನ್ನು ಬದುಕಿಸಿದನು ಎಂಬ ಮಾತಿಗೆ ಇಷ್ಟರವರೆಗೆ ಇದು ಸರಿಯಾಗಿ ಹೊಂದುತ್ತದೆ, ಅನೇಕರು ಇಲ್ಲಿಯೇ ಆಮೆನ್ ಹೇಳಿ ಮುಗಿಸುತ್ತಾರೆ. ಆದರೆ ನಿಯಮವನ್ನು ಪೂರ್ತಿ ನೋಡಿ. ತನ್ನವರನ್ನು ಒಳಗೆ ತರುವ ರೈಡರ್ ಎದುರಾಳಿಗಳನ್ನು ಮುಟ್ಟಿ, ತಪ್ಪಿಸಿಕೊಂಡು, ಮಧ್ಯರೇಖೆಗೆ ಮರಳಿದವನು. ಸಿಕ್ಕಿಬಿದ್ದ ರೈಡರ್ ತನ್ನವರನ್ನು ಒಳಗೆ ತರುವುದಿಲ್ಲ, ಅವನು ಸಿಕ್ಕಿಬಿದ್ದುದರಿಂದ ಎದುರಾಳಿಯ ತಂಡದವನೇ ಒಳಗೆ ಬರುತ್ತಾನೆ. ಗೆತ್ಸೆಮನೆ ತೋಟದಲ್ಲಿ ಸಿಕ್ಕಿಬಿದ್ದ ಯೇಸು, ತಪ್ಪಿಸಿಕೊಳ್ಳಬಲ್ಲವನಾಗಿದ್ದರೂ ತಪ್ಪಿಸಿಕೊಳ್ಳದವನು, ತನ್ನವರನ್ನು ಬದುಕಿಸಿದನು. ಕಬಡ್ಡಿಯ ಯಾವ ನಿಯಮದಲ್ಲೂ ಇದಕ್ಕೆ ಜಾಗವಿಲ್ಲ. ಇನ್ನೊಂದು ಕಡೆಯೂ ಅದು ಮುರಿಯುತ್ತದೆ: ಔಟಾದ ಕ್ರಮದಲ್ಲೇ ಒಳಗೆ ಬರಬೇಕೆಂಬುದು ಆಟದ ನಿಯಮ, ಯೇಸು ಹೇಳಿದ ದ್ರಾಕ್ಷೇತೋಟದ ಕೂಲಿಗಳ ಸಾಮ್ಯದಲ್ಲಿ (ಸಾಮ್ಯವೆಂದರೆ ದೃಷ್ಟಾಂತ ಕಥೆ) ಕಡೆಯವರು ಮೊದಲು. ಆ ಸಂಜೆ ಕೂಟ ಮುಗಿದ ಮೇಲೂ ಹುಡುಗರು ಅರ್ಧ ಗಂಟೆ ನಿಂತು ವಾದಿಸಿದರು, ವಾದ ನಡೆದದ್ದು ಎಫೆಸ ಪತ್ರಿಕೆಯ ಮೇಲೆ. ಏಳೆಂಟು ವರ್ಷಗಳಲ್ಲಿ ನಾನು ಅಂಥದನ್ನು ನೋಡಿದ್ದು ಅದೇ ಮೊದಲು.

ಆಟದ ಫಲಿತಾಂಶಗಳಿಗಿಂತ ನಿಯಮಗಳಲ್ಲಿ ಪಾಠ ಹೆಚ್ಚು ಎಂಬುದು ಅಲ್ಲಿಂದ ಖಚಿತವಾಯಿತು. ಫುಟ್‌ಬಾಲ್‌ನಲ್ಲಿ ಅಡ್ವಾಂಟೇಜ್ ಎಂಬ ನಿಯಮವಿದೆ. ತಪ್ಪು ನಡೆದದ್ದನ್ನು ಕಂಡೂ ರೆಫರಿ ಸೀಟಿ ಊದದೆ ಕೈ ಮುಂದೆ ಚಾಚಿ ಆಟ ಮುಂದುವರಿಯಲು ಬಿಡುತ್ತಾನೆ, ಮತ್ತು ಕಾರ್ಡ್ ತೋರಿಸುವಂಥ ತಪ್ಪಾಗಿದ್ದರೆ ಚೆಂಡು ಮುಂದೆ ನಿಂತಾಗ ಹಿಂದಿರುಗಿ ಬಂದು ತೋರಿಸಬಲ್ಲ. ಕಳೆಯನ್ನು ಸುಗ್ಗಿಯವರೆಗೆ ಬೆಳೆಯಲು ಬಿಡುವ ಗೋದಿ ಮತ್ತು ಕಳೆಯ ಸಾಮ್ಯವನ್ನು ಓದುವಾಗ ದೇವರು ಅನ್ಯಾಯವನ್ನು ನೋಡಿಯೂ ಸುಮ್ಮನಿರುವುದೇಕೆ ಎಂದು ಕೇಳುವ ಹದಿನೇಳರ ಹುಡುಗಿಗೆ ಈ ಒಂದು ನಿಯಮ ಮಾಡುವ ಸಹಾಯವನ್ನು ನನ್ನ ಯಾವ ವ್ಯಾಖ್ಯಾನವೂ ಮಾಡಿರಲಿಲ್ಲ: ಸೀಟಿ ಊದಲಿಲ್ಲವೆಂದರೆ ಕಾಣಲಿಲ್ಲವೆಂದಲ್ಲ. ಇದು ಮುರಿಯುವ ಜಾಗ ಇನ್ನೂ ಆಳವಾದದ್ದು. ರೆಫರಿ ಆಟವನ್ನು ಬಿಡುವುದು ಅನ್ಯಾಯಕ್ಕೊಳಗಾದ ತಂಡದ ಲಾಭಕ್ಕಾಗಿ. ರೋಮಾಪುರದವರಿಗೆ 2:4 ಮತ್ತು 2 ಪೇತ್ರ 3:9ರ ಪ್ರಕಾರ ದೇವರ ದೀರ್ಘಶಾಂತಿ ತಪ್ಪು ಮಾಡಿದವನ ಸಲುವಾಗಿ, ಅವನು ಪಶ್ಚಾತ್ತಾಪಪಡಲಿ ಎಂದು. ಇದನ್ನು ಹೇಳಿದಾಗ ಕೂಟದಲ್ಲಿ ಎಲ್ಲರಿಗೂ ಸಂತೋಷವಾಗಲಿಲ್ಲ, ಕೆಲವರಿಗೆ ಅಸಮಾಧಾನವೇ ಆಯಿತು. ದೇವರು ನಿನೆವೆಯವರನ್ನು ಕ್ಷಮಿಸಿದಾಗ ಪ್ರವಾದಿ ಯೋನನಿಗೂ ಅದೇ ಆಗಿತ್ತು ಎಂದು ಮುಂದಿನ ನಾಲ್ಕು ವಾರ ಯೋನನ ಪುಸ್ತಕವನ್ನು ಓದಿದೆವು.

ಇನ್ನು ತೀರ್ಪಿನ ಮಾತು. ಪರಸ್ತ್ರೀಯನ್ನು ತನ್ನವಳಾಗಿಸಿಕೊಂಡ ರಾಜ ದಾವೀದನ ಮುಂದೆ ಪ್ರವಾದಿ ನಾತಾನನು ಬಡವನ ಒಂದೇ ಕುರಿಮರಿಯನ್ನು ಕಸಿದ ಐಶ್ವರ್ಯವಂತನ ಕಥೆ ಹೇಳಿದಾಗ ಅರ್ಥವನ್ನು ಮೊದಲು ಹೇಳಲಿಲ್ಲ. ದಾವೀದನು ಕೋಪಗೊಂಡು ತೀರ್ಪು ಕೊಟ್ಟ ಮೇಲೆ ಮಾತ್ರ ಆ ಮನುಷ್ಯನು ನೀನೇ ಎಂದನು. ನಾನು ಅದೇ ಕ್ರಮವನ್ನು ಹಿಡಿದಿದ್ದೇನೆ. ಇದಕ್ಕೆ ಅತ್ಯುತ್ತಮವಾಗಿ ಹೊಂದಿದ ಪ್ರಸಂಗ 1980ರ ಫೆಬ್ರವರಿಯಲ್ಲಿ ಬಾಂಬೆಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದಾಗ ಬಾಬ್ ಟೇಲರ್ ಬಂದರು. ಆ ಜೊತೆಯಾಟದ ನಡುವೆ ವಿಕೆಟ್ ಕೀಪರ್‌ಗೆ ಕ್ಯಾಚ್ ಎಂದು ಅಂಪೈರ್ ಟೇಲರ್ ಅವರಿಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಂಬಿದ್ದ ಭಾರತದ ನಾಯಕ ಗುಂಡಪ್ಪ ವಿಶ್ವನಾಥ್ ಅವರನ್ನು ಮರಳಿ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ 171 ರನ್ ಸೇರಿಸಿದರು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ನಾನು ಮರಳಿ ಕರೆಸಿದ ಮಾತಿನವರೆಗೆ ಮಾತ್ರ ಹೇಳಿ ನಿಲ್ಲುತ್ತೇನೆ. ನಾಯಕ ಮಾಡಿದ್ದು ಸರಿಯೇ ಎಂದು ಚೀಟಿಯಲ್ಲಿ ಬರೆಸುತ್ತೇನೆ. ಬಹುತೇಕ ಎಲ್ಲರೂ ಸರಿ ಎಂದೇ ಬರೆಯುತ್ತಾರೆ. ಆಮೇಲೆ ಸೋಲನ್ನು ಹೇಳಿ ಮತ್ತೆ ಬರೆಸಿದರೆ ನಾಲ್ಕರಲ್ಲಿ ಒಬ್ಬರಾದರೂ ಬದಲಾಗುತ್ತಾರೆ. ಮೂರನೆಯದಾಗಿ, ಚೆಂಡು ನಿಜವಾಗಿಯೂ ಬ್ಯಾಟಿಗೆ ತಾಗಿದ್ದರೆ ಕರೆಸಬೇಕಿತ್ತೇ ಎಂದು ಕೇಳುತ್ತೇನೆ. ಇಲ್ಲ, ಅದು ಅನ್ಯಾಯ ಎಂದು ಕೂಟವೆಲ್ಲ ಒಂದೇ ದನಿಯಲ್ಲಿ ಹೇಳುತ್ತದೆ. ಆಗ ರೋಮಾಪುರದವರಿಗೆ 4:5 ಓದುತ್ತೇವೆ, ಭಕ್ತಿಹೀನರನ್ನು ನೀತಿವಂತರೆಂದು ನಿರ್ಣಯಿಸುವವನ ಮಾತು. ವಿಶ್ವನಾಥ್ ಕರೆಸಿದ್ದು ಔಟಾಗದವನನ್ನು, ಅದು ನ್ಯಾಯ ಮತ್ತು ದೊಡ್ಡ ಮನಸ್ಸು. ದೇವರು ಕರೆಸುವುದು ನಿಜವಾಗಿಯೂ ಔಟಾದವನನ್ನು, ಅದರ ಬೆಲೆಯನ್ನು ತಾನೇ ಹೊತ್ತು. ಕೈಯಲ್ಲಿ ತಮ್ಮದೇ ತೀರ್ಪಿನ ಚೀಟಿ ಇರುವಾಗ ಆ ವಚನವನ್ನು ಓದುವವರ ಮುಖವನ್ನು ನೋಡಿದವರು ಈ ವಿಧಾನವನ್ನು ಮತ್ತೆ ಸಂಶಯಿಸುವುದಿಲ್ಲ.

ಒಬ್ಬನ ಅಪರಾಧ ಎಲ್ಲರ ಮೇಲೆ ಬರುವುದು ಹೇಗೆ ನ್ಯಾಯ ಎಂಬುದು ಯೆಹೋಶುವನ ಪುಸ್ತಕದಲ್ಲಿ, ಆಕಾನನು ನಿಷೇಧಿತ ಕೊಳ್ಳೆಯನ್ನು ಕದ್ದದ್ದರಿಂದ ಇಡೀ ಇಸ್ರಾಯೇಲ್ ಸೋಲುವ ಅಧ್ಯಾಯಕ್ಕೆ ಬಂದಾಗಲೆಲ್ಲ ಏಳುವ ಪ್ರಶ್ನೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಮೈಕಾ ಗೆದ್ದ 4x100 ಮೀಟರ್ ರಿಲೇ ಚಿನ್ನವನ್ನು ತಂಡದ ನೆಸ್ಟಾ ಕಾರ್ಟರ್ ಅವರ ಮಾದರಿಯಲ್ಲಿ ನಿಷೇಧಿತ ವಸ್ತು ಕಂಡುಬಂದ ಕಾರಣ 2017ರಲ್ಲಿ ಹಿಂಪಡೆಯಲಾಯಿತು. ಅದರಿಂದ ಉಸೇನ್ ಬೋಲ್ಟ್ ಅವರ ಒಂಬತ್ತು ಚಿನ್ನ ಎಂಟಾಯಿತು. ರಿಲೇಯಲ್ಲಿ ಓಡಿದವರು ನಾಲ್ವರಾದರೂ ಓಟ ಒಂದೇ ಎಂಬುದು ಹುಡುಗರಿಗೆ ತಾನಾಗಿ ಗೊತ್ತಿರುವುದರಿಂದ ಆಕಾನನ ಕಥೆ ಅವರಿಗೆ ಒಗಟಾಗಿ ಉಳಿಯುವುದಿಲ್ಲ. ಮುರಿಯುವ ಜಾಗ ರೋಮಾಪುರದವರಿಗೆ 5:19: ಒಬ್ಬನ ಅವಿಧೇಯತೆ ಎಲ್ಲರ ಪದಕವನ್ನು ಕಸಿಯಬಲ್ಲದು, ಆದರೆ ಒಬ್ಬನ ವಿಧೇಯತೆಯಿಂದ ಉಳಿದವರು ಶುದ್ಧರೆಂದು ಎಣಿಸಲ್ಪಡುವ ನಿಯಮ ಯಾವ ಕ್ರೀಡಾ ಸಂಸ್ಥೆಯಲ್ಲೂ ಇಲ್ಲ. ಅದೇ ರಿಲೇಯಲ್ಲಿ ಕೈಯಿಂದ ಕೈಗೆ ದಾಟಿಸುವ ಕೋಲಾದ ಬೇಟನ್‌ನ ನಿಯಮಗಳನ್ನು ನಾನು, ಕೇಳಿದ ಉಪದೇಶವನ್ನು ಇತರರಿಗೆ ಒಪ್ಪಿಸು ಎನ್ನುವ 2 ತಿಮೊಥೆಯ 2:2ಕ್ಕೆ ಬಳಸುತ್ತೇನೆ. ಪೌಲ, ತಿಮೊಥೆಯ, ನಂಬಿಗಸ್ತರಾದ ಮನುಷ್ಯರು, ಅವರಿಂದ ಕಲಿಯುವ ಇತರರು, ಹೀಗೆ ಆ ಒಂದೇ ವಚನದಲ್ಲಿ ನಾಲ್ಕು ಕೈಗಳಿವೆ. ಬದಲಾವಣೆಯ ವಲಯದಲ್ಲಿ ಲೆಕ್ಕಕ್ಕೆ ಬರುವುದು ಬೇಟನ್ ಇರುವ ಸ್ಥಾನ, ಓಟಗಾರನ ಮೈಯಲ್ಲ ಎಂಬ ನಿಯಮವನ್ನು ಸಭೆಯ ಹಿರಿಯರ ಕೂಟದಲ್ಲೂ ಒಮ್ಮೆ ಹೇಳಿದ್ದೇನೆ, ಅದು ಅಲ್ಲಿಯೂ ತಲುಪಿತು.

ಕಥೆ ಹೇಳುವುದು ತೊಂಬತ್ತು ಸೆಕೆಂಡಿಗೆ ಮೀರಬಾರದು. ದೃಶ್ಯ ತುಣುಕು ತೋರಿಸುವುದಿಲ್ಲ, ಬಾಯಿಂದ ಹೇಳುತ್ತೇನೆ. ತೋರಿಸಿದರೆ ಕಣ್ಣು ಅಲ್ಲಿಯೇ ನಿಲ್ಲುತ್ತದೆ. ನಲವತ್ತು ನಿಮಿಷದ ಕೂಟದಲ್ಲಿ ಆಟಕ್ಕೆ ಹತ್ತು ನಿಮಿಷ, ಉಳಿದದ್ದೆಲ್ಲ ತೆರೆದ ಬೈಬಲ್‌ಗೆ. ವಾಕ್ಯಭಾಗವನ್ನು ಮೊದಲು ಆರಿಸಿ ಒಂದು ವಾರವಾದರೂ ಅದರಲ್ಲಿ ಇದ್ದು ಆಮೇಲೆ ಆಟವನ್ನು ಹುಡುಕುತ್ತೇನೆ, ಎಂದಿಗೂ ತಿರುಗಿಸಿ ಮಾಡುವುದಿಲ್ಲ. ಚೀಟಿಗಳನ್ನು ಯಾವ ಕ್ರಮದಲ್ಲಿ ಓದಿಸಬೇಕು, ಕೂಟದಲ್ಲಿ ಮೊದಲ ಮಾತು ಯಾರಿಂದ ಬರಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದನ್ನು ನನ್ನ ಜೊತೆ ಒಂದು ಪಾಠಮಾಲೆ ಪೂರ್ತಿ ಕುಳಿತವರಿಗೆ ಮಾತ್ರ ಹೇಳಿಕೊಟ್ಟಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಸೋತ ತಂಡದ ಅಭಿಮಾನಿಗಳನ್ನು ಕೂಟದಲ್ಲಿ ಹಿಡಿದಿಡುವ ಪ್ರಶ್ನೆಯೂ ಹಾಗೆಯೇ.

ವ್ಯಕ್ತಿಗಳ ಕಥೆ ಹೇಳುವುದಾದರೆ ಸಿನಿಮಾವನ್ನು ನಂಬಬೇಡಿ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅರ್ಹತಾ ಓಟ ಭಾನುವಾರ ಇದ್ದುದರಿಂದ 100 ಮೀಟರ್ ಬಿಟ್ಟು, 400 ಮೀಟರ್ ಅನ್ನು 47.6 ಸೆಕೆಂಡಿನಲ್ಲಿ ಗೆದ್ದದ್ದು ನಿಮಗೆಲ್ಲ ಗೊತ್ತು. ಈ ಕಥೆಯ ಮೇಲೆ 1981ರಲ್ಲಿ ಬಂದ ಚಾರಿಯಟ್ಸ್ ಆಫ್ ಫೈರ್ ಚಿತ್ರದಲ್ಲಿ ಅವರಿಗೆ ಆ ವೇಳಾಪಟ್ಟಿ ಹಡಗು ಹತ್ತುವಾಗ ತಿಳಿಯುತ್ತದೆ, ನಿಜದಲ್ಲಿ ತಿಂಗಳುಗಳ ಮೊದಲೇ ತಿಳಿದಿತ್ತು. ಚಿತ್ರದ ಲಿಡೆಲ್ ಒಂದು ಕ್ಷಣದ ಧೈರ್ಯ ತೋರಿದವರು, ನಿಜವಾದ ಲಿಡೆಲ್ ತಿಂಗಳುಗಟ್ಟಲೆ ಒತ್ತಡವನ್ನು ಸಹಿಸುತ್ತ ಬೇರೆ ಓಟಕ್ಕೆ ತರಬೇತಿ ಮಾಡಿದವರು. ಇಬ್ರಿಯರಿಗೆ 12:1ರ ಸ್ಥಿರಚಿತ್ತಕ್ಕೆ ಬೇಕಾದದ್ದು ಎರಡನೆಯವರು. ಮುಂದೆ ಮಿಷನರಿಯಾಗಿ ಹೋದ ಚೀನಾದಲ್ಲಿ, ವೇಹ್ಸಿಯೆನ್ ಬಂಧನ ಶಿಬಿರದಲ್ಲಿ, ಹುಡುಗರು ಜಗಳವಾಡಿಕೊಳ್ಳದಿರಲೆಂದು ಭಾನುವಾರವೇ ಅವರ ಹಾಕಿಗೆ ರೆಫರಿಯಾಗಿ ನಿಂತರು ಎಂದು ಜೊತೆಯಲ್ಲಿದ್ದವರು ನೆನೆದಿದ್ದಾರೆ. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ಸಬ್ಬತ್ ದಿನವು ಮನುಷ್ಯರಿಗಾಗಿ ಎಂಬ ವಚನವನ್ನು ಈ ಎರಡು ಭಾನುವಾರಗಳ ನಡುವೆ ಇಟ್ಟು ಕಲಿಸಿದರೆ ಕಾನೂನುಬದ್ಧತೆಯೂ ಬರುವುದಿಲ್ಲ, ಸಡಿಲತೆಯೂ ಬರುವುದಿಲ್ಲ.

ಬದಿಯಲ್ಲಿ ನಡೆದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಸ್ತ್ರೀಯರ ಕೂಟದಲ್ಲಿ ಆಟದ ಮಾತು ನಡೆಯುವುದಿಲ್ಲ ಎಂದು ಕೆಲವರು ಹೇಳಿದ್ದರಿಂದ ಅಲ್ಲಿ ಟಿವಿ ಧಾರಾವಾಹಿಯನ್ನು ಹಿಡಿದೆ. ಅತಿ ಮುಖ್ಯ ಘಟ್ಟದಲ್ಲಿ ಕಂತು ನಿಲ್ಲುವುದು ಅವರಿಗೆ ಪರಿಚಿತ. ಮಾರ್ಕನ ಸುವಾರ್ತೆ ಅತಿ ಹಳೆಯ ಪೂರ್ಣ ಹಸ್ತಪ್ರತಿಗಳಾದ ಸೈನಾಯ್ಟಿಕಸ್ ಮತ್ತು ವ್ಯಾಟಿಕಾನಸ್‌ಗಳಲ್ಲಿ 16:8ರಲ್ಲಿ ನಿಲ್ಲುತ್ತದೆ: ಸ್ತ್ರೀಯರು ಹೆದರಿ ಸಮಾಧಿಯಿಂದ ಓಡಿದರು, ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಯೇ ಪುಸ್ತಕ ಮುಚ್ಚಿ, ಮುಂದೆ ಏನಾಗಿರಬೇಕೆಂದು ಬರೆಯಿರಿ ಎಂದೆ. ಎಂದೂ ಬಾಯಿ ತೆರೆಯದ ಹಿರಿಯ ತಾಯಂದಿರು ಪುಟಗಟ್ಟಲೆ ಬರೆದರು. ಧಾರಾವಾಹಿಯಲ್ಲಿ ಮುಂದಿನ ಕಂತು ಬರುವವರೆಗೆ ಕಾಯುವುದು ನೋಡುಗರ ಕೆಲಸ, ಮಾರ್ಕನಲ್ಲಿ ಮುಂದಿನ ಕಂತು ಓದುವವರ ಬಾಯಿಂದ ಬರಬೇಕು; ಮುರಿಯುವ ಜಾಗ ಅಲ್ಲಿ ಸಿಕ್ಕಿತು.

ಜನಪ್ರಿಯ ಹಾಡಿನ ಧಾಟಿಗೆ ವಚನ ಕೂರಿಸುವ ಪ್ರಯೋಗ ಮಾತ್ರ ಫಲಿಸಲಿಲ್ಲ. ಮಕ್ಕಳು ಎರಡನೆಯ ಸಾಲಿಗೇ ಮೂಲ ಹಾಡಿನ ಪದಗಳಿಗೆ ಜಾರುತ್ತಿದ್ದರು. ಜರ್ಮನ್ ಸಂಗೀತಗಾರ ಹಾನ್ಸ್ ಲಿಯೊ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯ ಧಾಟಿ ಪೌಲ್ ಗೆರ್ಹಾರ್ಟ್ ಅವರ ಶಿಲುಬೆಯ ಕೀರ್ತನೆಗೆ ಬಂದು ಸೇರುವ ಹೊತ್ತಿಗೆ ಸುಮಾರು ಐವತ್ತು ವರ್ಷ ಕಳೆದಿತ್ತು. ಹಳೆಯ ಪದಗಳು ನೆನಪಿನಿಂದ ಸರಿಯಲು ಅಷ್ಟು ಕಾಲ ಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಡಿಯೊ ಗೇಮ್ ಅರ್ಧ ಫಲಿಸಿತು. ಸತ್ತ ಪಾತ್ರ ಉಳಿಸಿಟ್ಟ ಹಂತದಿಂದ ಮತ್ತೆ ಏಳುವುದನ್ನು ಮನುಷ್ಯರು ಒಂದೇ ಸಾರಿ ಸಾಯುವರು, ಆಮೇಲೆ ನ್ಯಾಯತೀರ್ಪು ಎನ್ನುವ ಇಬ್ರಿಯರಿಗೆ 9:27ರ ಎದುರು ಇಟ್ಟಾಗ ಹುಡುಗರು ಹೆದರಿದರು. ಹೆದರಿಸಿ ಕಳುಹಿಸುವುದು ನನಗೆ ಬೇಕಿರಲಿಲ್ಲ. ಅದನ್ನು ಬಿಟ್ಟು ಯೋಹಾನ 21ರ ಪೇತ್ರನನ್ನು ತಂದಾಗ ಪಾಠ ನಿಂತಿತು. ಆಟದಲ್ಲಿ ಸೋಲು ಅಳಿಸಿಹೋಗಿ ಹಳೆಯ ಹಂತ ಮರಳುತ್ತದೆ, ಯೇಸುವನ್ನು ಅರಿಯೆನೆಂದ ಪೇತ್ರನ ಮೂರು ನಿರಾಕರಣೆಗಳು ಅಳಿಯಲಿಲ್ಲ, ಯೇಸುವಿನ ಮೂರು ಪ್ರಶ್ನೆಗಳಲ್ಲಿ ಒಂದೊಂದಾಗಿ ಗುಣವಾದವು.

ಹಣದ ಲೆಕ್ಕಕ್ಕೆ ಬರುತ್ತೇನೆ. ಈಗ ಒಂದು ಪಾಠಕ್ಕೆ ತಗಲುವುದು ಚೀಟಿಯ ಕಾಗದ, ಪೆನ್ಸಿಲ್, ನೆಲಕ್ಕೆ ಗೆರೆ ಎಳೆಯಲು ಸೀಮೆಸುಣ್ಣ. ಹಿಂದೆ ಒಂದು ಸಿನಿಮಾ ಸಂಜೆಗೆ ಹೋದ ಹಣದಲ್ಲಿ ಇಂದು ಎರಡು ವರ್ಷದ ಪಾಠಗಳು ನಡೆಯುತ್ತವೆ, ಸ್ವಲ್ಪ ಉಳಿಯುತ್ತದೆ ಕೂಡ. ಫುಟ್‌ಬಾಲ್, ಅಥ್ಲೆಟಿಕ್ಸ್‌ಗಳ ನಿಯಮ ಪುಸ್ತಕಗಳನ್ನು ಆಯಾ ಅಂತರರಾಷ್ಟ್ರೀಯ ಸಂಸ್ಥೆಗಳೇ ಉಚಿತವಾಗಿ ಅಂತರ್ಜಾಲದಲ್ಲಿ ಇಟ್ಟಿವೆ, ನನ್ನ ಕಚ್ಚಾ ಸಾಮಗ್ರಿಯ ಬಹುಪಾಲು ಅಲ್ಲಿಂದಲೇ ಬರುತ್ತದೆ. ಉಳಿದ ಹಣದಲ್ಲಿ ಕೂಟದ ಇಬ್ಬರು ಯುವಕರನ್ನು ರೆಫರಿ ತರಬೇತಿಗೆ ಕಳುಹಿಸಿದೆವು; ಸಮಿತಿಯಲ್ಲಿ ಇದಕ್ಕೂ ಆಕ್ಷೇಪ ಬಂದಿತ್ತು, ಆದರೆ ಈ ಹನ್ನೆರಡು ವರ್ಷಗಳಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟ ಖರ್ಚು ಬೇರೊಂದಿಲ್ಲ. ಅತಿಥಿ ಬೇಕಾದಾಗ ತಾರೆಯನ್ನು ಕರೆಯುವುದಿಲ್ಲ, ರೆಫರಿಯನ್ನು ಕರೆಯುತ್ತೇನೆ. ಅವರು ಪ್ರಯಾಣ ವೆಚ್ಚಕ್ಕೇ ಬರುತ್ತಾರೆ, ನಿಯಮ ಬಲ್ಲವರು, ಎರಡೂ ಕಡೆಯವರ ಬೈಗುಳ ಕೇಳಿಯೂ ತೀರ್ಪು ಕೊಟ್ಟವರು. ನ್ಯಾಯಸ್ಥಾಪಕರ ಪುಸ್ತಕ ಓದುವ ಕೂಟಕ್ಕೆ ಇಂಥ ಅತಿಥಿ ಇನ್ನೊಬ್ಬರಿಲ್ಲ.

ಹದಿನೈದರ ಆಸುಪಾಸಿದ್ದ ಕೂಟ ಈಗ ನಲವತ್ತರ ಹತ್ತಿರ ನಿಲ್ಲುತ್ತದೆ, ಆದರೆ ನಾನು ನೋಡುವುದು ಆ ಸಂಖ್ಯೆಯನ್ನಲ್ಲ. ಪಾಠವಾಗಿ ಒಂದು ತಿಂಗಳ ಮೇಲೆ, ಮುಂಚಿತವಾಗಿ ಹೇಳದೆ, ಅಂದಿನ ವಾಕ್ಯ ಯಾವುದು ಎಂದು ಕೇಳುತ್ತೇನೆ; ಮೂವರಲ್ಲಿ ಇಬ್ಬರಾದರೂ ವಚನವನ್ನೂ ಆಟ ಅದರಿಂದ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನೂ ಹೇಳುತ್ತಾರೆ. ಬೋಧನಾಪೀಠವನ್ನು ಮೈದಾನ ಮಾಡಬೇಡಿ ಎಂದಿದ್ದ ಹಿರಿಯರು ಈಗ ನನ್ನ ಪಾಠದ ಹಿಂದಿನ ದಿನ ಫೋನ್ ಮಾಡಿ ನಾಳೆ ಯಾವ ಆಟ ಎಂದು ಕೇಳುತ್ತಾರೆ. ವಾಕ್ಯಭಾಗವನ್ನು ಮಾತ್ರ ಹೇಳುತ್ತೇನೆ. ಅವರು ಅದನ್ನು ಓದಿಕೊಂಡೇ ಬರುತ್ತಾರೆ.

ಸದ್ಯ ಕೈಯಲ್ಲಿರುವುದು ಚದುರಂಗದ ಪಾಠ. ಪದಾತಿ ಎಂಟನೆಯ ಸಾಲನ್ನು ತಲುಪಿದರೆ ರಾಣಿ, ಆನೆ, ಒಂಟೆ, ಕುದುರೆ ಯಾವುದಾದರೂ ಆಗಬಹುದು, ರಾಜನಾಗುವಂತಿಲ್ಲ. ಕ್ರಿಸ್ತನು ನಮ್ಮನ್ನು ರಾಜರನ್ನಾಗಿ ಮಾಡಿದನು ಎಂದು ಓದಲಾಗುವ ಪ್ರಕಟನೆ 1:6ರ ಎದುರು ಇದು ಮುರಿಯುವ ಜಾಗ ಮೊದಲ ನೋಟಕ್ಕೇ ಕಾಣುತ್ತದೆ, ಹಾಗೆ ಸುಲಭವಾಗಿ ಕಂಡದ್ದರಿಂದಲೇ ಅವಸರ ಮಾಡುತ್ತಿಲ್ಲ. ಆ ವಚನದ ಅನುವಾದಗಳು ರಾಜರು ಎಂದೂ ರಾಜ್ಯ ಎಂದೂ ಬೇರೆಬೇರೆಯಾಗಿ ಓದುತ್ತವೆ. ಪಠ್ಯದ ವಿಷಯ ಇತ್ಯರ್ಥವಾಗುವವರೆಗೆ ಹಲಗೆಯನ್ನು ಕೂಟಕ್ಕೆ ಒಯ್ಯುವುದಿಲ್ಲ, ಅಷ್ಟರವರೆಗೆ ಕಬಡ್ಡಿಯ ಪಾಠವನ್ನು ಹೊಸದಾಗಿ ಸೇರಿದವರಿಗೆ ಮತ್ತೊಮ್ಮೆ ಮಾಡುತ್ತಿದ್ದೇನೆ.